ನಿಫ್ಟಿಗೆ ಸೇರುವ ಷೇರು, ಜಾತ್ರೆಯ ಮುಂಚಿನ ಕುರಿ

ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಆಗಸ್ಟ್ ತಿಂಗಳ ಕೊನೆಯಲ್ಲಿ, ಐವತ್ತು ದೊಡ್ಡ ಕಂಪನಿಗಳ ಷೇರು ಬೆಲೆಯ ಏರಿಳಿತ ಅಳೆಯುವ ನಿಫ್ಟಿ ಸೂಚ್ಯಂಕದ ಪಟ್ಟಿಗೆ ಯಾರು ಸೇರುತ್ತಾರೆ ಅಂತ ಪ್ರಕಟವಾದಾಗ, ದಾವಣಗೆರೆಯ ಮಂಡಿಪೇಟೆಯಲ್ಲಿರುವ ನನ್ನ ಕಚೇರಿಗೆ ಒಂದೇ ತರಹದ ಫೋನುಗಳು ಬರುತ್ತವೆ. "ಸಾರ್, ಆ ಷೇರು ನಿಫ್ಟಿಗೆ ಸೇರ್ತಂತೆ. ನಂಗೂ ಒಂದೈವತ್ತು ಹಾಕ್ರಿ." ಯಾಕೆ ಅಂತ ಕೇಳಿದರೆ, "ನಿಫ್ಟಿಗೇ ತಗಂಡಾರೆ ಅಂದ್ರೆ ಚಲೋ ಕಂಪನಿನೇ ಇರ್ಬೇಕಲ್ರೀ" ಅನ್ನುತ್ತಾರೆ. ಷೇರು ದಲ್ಲಾಳಿಯಾಗಿ ಹದಿನೆಂಟು ವರ್ಷದಿಂದ ಇದಕ್ಕೆ ಉತ್ತರ ಹೇಳುತ್ತಿದ್ದೇನೆ. ಇವತ್ತು ಬರೆದೇ ಬಿಡುತ್ತೇನೆ.

ನಿಫ್ಟಿ 50ಕ್ಕೆ ಸೇರಿಸುವಾಗ ಕಂಪನಿ ಒಳ್ಳೆಯದೋ ಕೆಟ್ಟದ್ದೋ ಅಂತ ಯಾರೂ ತೂಗುವುದಿಲ್ಲ. ಪ್ರವರ್ತಕರ ಪಾಲು ಬಿಟ್ಟು ಪೇಟೆಯಲ್ಲಿ ಓಡಾಡುವ ಷೇರುಗಳ ಒಟ್ಟು ಬೆಲೆ ಎಷ್ಟು, ಅದು ಪಟ್ಟಿಯಲ್ಲಿರುವ ತೀರಾ ಸಣ್ಣ ಕಂಪನಿಯ ಒಂದೂವರೆ ಪಟ್ಟು ಆಗುತ್ತದೋ, ಹತ್ತು ಕೋಟಿಯ ಆರ್ಡರ್ ಹಾಕಿದರೆ ಬೆಲೆ ಎಷ್ಟು ಅಲುಗುತ್ತದೆ, ಫ್ಯೂಚರ್ಸ್ ವಹಿವಾಟು (ಮುಂದಿನ ದಿನಾಂಕದ ವ್ಯಾಪಾರಕ್ಕೆ ಇವತ್ತೇ ಬೆಲೆ ಗೊತ್ತುಮಾಡುವುದು) ಇದೆಯೋ. ಮುಖ್ಯವಾಗಿ ನೋಡುವುದು ಇಂಥ ಲೆಕ್ಕಗಳನ್ನೇ. ಬೆಲೆ ಏರಿದ್ದರಿಂದ ಕಂಪನಿ ದೊಡ್ಡದಾಯಿತು, ದೊಡ್ಡದಾದ್ದರಿಂದ ಒಳಗೆ ಬಂತು. ಏರಿಕೆ ಮೊದಲು, ಸೇರ್ಪಡೆ ಆಮೇಲೆ. 2009ರ ಜನವರಿ 7ರಂದು ಸತ್ಯಂ ಕಂಪನಿಯ ಅಧ್ಯಕ್ಷರು ಲೆಕ್ಕಪತ್ರ ಸುಳ್ಳು ಅಂತ ಒಪ್ಪಿಕೊಂಡ ದಿನ ಆ ಷೇರು ನಿಫ್ಟಿಯಲ್ಲೂ ಇತ್ತು, ಸೆನ್ಸೆಕ್ಸ್‌ನಲ್ಲೂ ಇತ್ತು.

ಹಾಗಾದರೆ ಸೇರ್ಪಡೆಯಿಂದ ಏನೂ ಆಗುವುದಿಲ್ಲವೇ? ಆಗುತ್ತದೆ. ನಮ್ಮೂರ ದುಗ್ಗಮ್ಮನ ಜಾತ್ರೆ ನೆನೆಸಿಕೊಳ್ಳಿ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ದಿನ ಮೊದಲೇ ಗೊತ್ತು. ಕುರಿ ವ್ಯಾಪಾರಿ ತಿಂಗಳು ಮೊದಲೇ ಸಂತೆ ಸಂತೆ ತಿರುಗಿ ಮರಿ ಕಟ್ಟಿಕೊಂಡಿರುತ್ತಾನೆ. ಹರಕೆ ಹೊತ್ತವರು ಕೊನೆಗೆ ಬರುತ್ತಾರೆ. ಅವರಿಗೆ ಕುರಿ ಬೇಕೇ ಬೇಕು, ಚೌಕಾಶಿಗೆ ಹೊತ್ತಿಲ್ಲ. ರೇಟು ಏರುವುದು ಅವರಿಂದ, ದುಡ್ಡು ಮಾಡುವುದು ಮೊದಲೇ ಕಟ್ಟಿಕೊಂಡವನು. ಜಾತ್ರೆಯ ಹಿಂದಿನ ಸಂಜೆ ಕುರಿ ಕೊಂಡು ಮರುವಾರ ಮಾರಿ ಲಾಭ ಮಾಡುತ್ತೇನೆ ಅನ್ನುವವರನ್ನು ನಾನು ಕಂಡಿಲ್ಲ. ಷೇರಿನಲ್ಲಿ ಮಾತ್ರ ಪ್ರತಿ ಸಲ ಕಾಣುತ್ತೇನೆ.

ಇಲ್ಲಿ ಹರಕೆ ಹೊತ್ತವರು ಇಂಡೆಕ್ಸ್ ಫಂಡುಗಳು, ಅಂದರೆ ಸೂಚ್ಯಂಕದಲ್ಲಿರುವ ಷೇರುಗಳನ್ನೇ ಅದೇ ಪ್ರಮಾಣದಲ್ಲಿ ಕೊಂಡಿಡುವ ಫಂಡುಗಳು. 2024ರ ಆಗಸ್ಟ್ 23ರಂದು ಟ್ರೆಂಟ್ ಮತ್ತು ಬಿಇಎಲ್ ಅನ್ನುವ ಎರಡು ಕಂಪನಿಗಳು ನಿಫ್ಟಿಗೆ ಬರುತ್ತವೆ ಅಂತ ಪ್ರಕಟವಾಯಿತು. ಜಾರಿಯಾದದ್ದು ಸೆಪ್ಟೆಂಬರ್ 30, ಸೋಮವಾರ. ಅಂದರೆ ಫಂಡುಗಳು ಕೊಳ್ಳಬೇಕಾದದ್ದು ಶುಕ್ರವಾರ 27ರ ವಹಿವಾಟು ಮುಗಿಯುವ ಹೊತ್ತಿಗೆ. ಫಂಡಿನವರ ಕೆಲಸ ಅಗ್ಗಕ್ಕೆ ಕೊಳ್ಳುವುದಲ್ಲ. ಸೂಚ್ಯಂಕಕ್ಕೆ ಹಿಡಿದ ಬೆಲೆಗೇ ಕೊಳ್ಳಬೇಕು. ವಾರ ಮೊದಲೇ ಕೊಂಡು ಸೂಚ್ಯಂಕಕ್ಕಿಂತ ಹಿಂದೆ ಬಿದ್ದರೆ ಅದು ಅವರ ತಪ್ಪಾಗುತ್ತದೆ. ನಮ್ಮಲ್ಲಿ ದಿನದ ಮುಕ್ತಾಯ ಬೆಲೆ ಅಂದರೆ ಕೊನೆಯ ಅರ್ಧ ಗಂಟೆಯ ಸರಾಸರಿ ಅನ್ನುವ ಪದ್ಧತಿ ಬಹಳ ಕಾಲ ನಡೆದುಬಂದಿದೆ. ಹಾಗಾಗಿ ಅಂಥ ದಿನ ಮಧ್ಯಾಹ್ನ ಮೂರರವರೆಗೆ ತೆಪ್ಪಗಿದ್ದ ಷೇರು ಮೂರಾದ ಮೇಲೆ ಒಮ್ಮೆಲೇ ಜೀವ ತಳೆಯುತ್ತದೆ. ಪರದೆಯ ಮೇಲೆ ಬೆಳಗಿನಿಂದ ಬೆರಳುಗಾತ್ರ ಇದ್ದ ವಾಲ್ಯೂಮ್ ಗೆರೆ (ಎಷ್ಟು ಷೇರು ಕೈಬದಲಾದವು ಅಂತ ತೋರಿಸುವುದು) ಒಂದೇ ಸಮ ಮೇಲೇಳುತ್ತದೆ. ಆ ಹೊತ್ತಿನಲ್ಲಿ ಮಾರುತ್ತಿರುವವರಲ್ಲಿ ಬಹಳ ಮಂದಿ, ಹೆಸರು ಪ್ರಕಟವಾಗುವ ಮೊದಲೇ ಇದೇ ಲೆಕ್ಕ ಹಾಕಿ ಕೊಂಡಿಟ್ಟವರು. ನಿಯಮ ಬಹಿರಂಗವಾಗಿದೆ, ಲೆಕ್ಕ ಯಾರು ಬೇಕಾದರೂ ಹಾಕಬಹುದು.

ಆಮೇಲಿನದ್ದು ಕಂಪನಿಯ ಹಣೆಬರಹ. ಒಂದೇ ದಿನ ಒಳಗೆ ಬಂದ ಎರಡರಲ್ಲಿ ಟ್ರೆಂಟ್ ಆರು ತಿಂಗಳಿಗೆ ಸೇರಿದ ದಿನದ ಬೆಲೆಗಿಂತ ಬಹಳ ಕೆಳಗಿತ್ತು, ಬಿಇಎಲ್ ಹಾಗೆ ಕುಸಿಯಲಿಲ್ಲ. ಅಮೆರಿಕದ ಟೆಸ್ಲಾ 2020ರ ಡಿಸೆಂಬರ್ 21ರಂದು ಅಲ್ಲಿನ ಸೂಚ್ಯಂಕವಾದ ಎಸ್ ಆ್ಯಂಡ್ ಪಿ 500ಕ್ಕೆ ಸೇರಿತು. ಪ್ರಕಟಣೆಯಿಂದ ಅಲ್ಲಿವರೆಗೆ ಸುಮಾರು ಶೇ 70 ಏರಿ, ಸೇರಿದ ದಿನವೇ ಶೇ 6ಕ್ಕಿಂತ ಹೆಚ್ಚು ಇಳಿಯಿತು. ಕೆಲವೇ ವಾರಗಳಲ್ಲಿ ಮತ್ತೆ ಏರಿತು ಕೂಡ. ಆದ್ದರಿಂದ ಸೇರಿದ ಮೇಲೆ ಬಿದ್ದೇ ಬೀಳುತ್ತದೆ ಅಂತಲೂ ನಾನು ಹೇಳಲಾರೆ. ಈ ಯಾವ ಷೇರನ್ನೂ ಕೊಳ್ಳಿ, ಮಾರಿ ಅಂತ ಇಲ್ಲಿ ಹೇಳುತ್ತಿಲ್ಲ.

ಹೋದ ಸಲ ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿರುವ ಗ್ರಾಹಕರು ಬೋನಸ್ ದುಡ್ಡು ಹಿಡಿದು ಬಂದರು. ಮಗಳ ಕಾಲೇಜಿಗೆ ಅಂತ ಎತ್ತಿಟ್ಟದ್ದು. ಎಲ್ಲವನ್ನೂ ಇಂಥ ಒಂದು ಷೇರಿಗೆ, ಅದೂ ಕೊನೆಯ ದಿನವೇ ಹಾಕಿಸಬೇಕು ಅಂತ ಹಟ. ಕುರಿಯ ಕತೆ ಹೇಳಿದೆ, ನಕ್ಕರು, ಒಪ್ಪಲಿಲ್ಲ. ಕೊನೆಗೆ ಕೇಳಿದೆ: "ನಿಮಗೆ ಪಿಎಫ್ ಕಟ್ ಆಗುತ್ತಲ್ಲ?" 2015ರ ಆಗಸ್ಟ್‌ನಿಂದ ಭವಿಷ್ಯನಿಧಿ ಸಂಸ್ಥೆ ಹೊಸದಾಗಿ ಬರುವ ಹಣದ ಒಂದು ಪಾಲನ್ನು, ಷೇರುಪೇಟೆಯಲ್ಲೇ ಕೊಂಡು ಮಾರುವ ಇಂಡೆಕ್ಸ್ ಫಂಡುಗಳಾದ ನಿಫ್ಟಿ, ಸೆನ್ಸೆಕ್ಸ್ ಇಟಿಎಫ್‌ಗಳಿಗೆ ಹಾಕುತ್ತಿದೆ. ಆ ಇಟಿಎಫ್‌ಗಳೂ ಹರಕೆ ಹೊತ್ತವರ ಸಾಲಿನಲ್ಲೇ ನಿಂತಿವೆ ಅಂತ ಬಿಡಿಸಿ ಹೇಳಿದೆ.

ಅವರು ಗೋಡೆಯ ಗಡಿಯಾರ ನೋಡಿದರು. ಮೂರೂ ಹತ್ತು ಆಗಿತ್ತು. "ಹಂಗಾರೆ ಈಗ ಅಲ್ಲಿ ತಗೊಳ್ತಿರೋರಲ್ಲಿ ನಾನೂ ಇದೀನೇನ್ರೀ?" ಅಂದರು. ಹೌದು ಅಂದೆ. ದುಡ್ಡಿನ ಕವರನ್ನು ಮತ್ತೆ ಅಂಗಿಯ ಒಳಜೇಬಿಗೆ ಸೇರಿಸಿಕೊಂಡರು.