ಅತ್ತೂರು ಇಗರ್ಜಿ: ನಾಲ್ಕು ಇಸವಿಗಳ ಗೊಂದಲ ಬಿಡಿಸಿಕೊಂಡದ್ದು

ಕಾರ್ಕಳದ ಹತ್ತಿರದ ಅತ್ತೂರು ಸಂತ ಲಾರೆನ್ಸರ ಇಗರ್ಜಿ (ಚರ್ಚು) ನಿಮಗೆ ಗೊತ್ತಿರುತ್ತದೆ. ಅಲ್ಲಿನ ಜಾತ್ರೆ ಸಾಂತ್‌ಮಾರಿಗೆ ಹೋಗಿ ಮೋಂಬತ್ತಿ ಹಚ್ಚಿ ಬಂದವರೂ ಇರುತ್ತೀರಿ. ಹಾಗಾಗಿ ಜಾತ್ರೆಯ ವಿಷಯ ಬಿಟ್ಟು, ನನ್ನನ್ನು ಎರಡು ದಿನ ಕಾಡಿದ ಪ್ರಶ್ನೆಗೇ ಬರುತ್ತೇನೆ. ಈ ಇಗರ್ಜಿ ಕಟ್ಟಿದ್ದು ಯಾವಾಗ?

ಒಂದು ಕಡೆ 1759 ಅಂತಿದೆ. ಇನ್ನೊಂದು ಕಡೆ 1801. ಮತ್ತೆ 1839, ಆಮೇಲೆ 1900. ಇವುಗಳಲ್ಲಿ ಒಂದೇ ಸರಿ, ಉಳಿದದ್ದು ತಪ್ಪು ಅಂತ ಹುಡುಕುತ್ತಾ ಕೂತೆ. ಎಡವಿದ್ದೇ ಅಲ್ಲಿ. ನಾಲ್ಕೂ ಸರಿ. ಇಗರ್ಜಿ ಅಂದರೆ ಕಟ್ಟಡವೂ ಹೌದು, ಅದಕ್ಕೆ ಸೇರಿದ ಜನರೂ ಹೌದು. ಜನರ ಕೂಟಕ್ಕೆ ಕೊಂಕಣಿಯಲ್ಲಿ ಫಿರ್ಗಜ್ ಅನ್ನುತ್ತಾರೆ. ಅತ್ತೂರಿನ ಫಿರ್ಗಜ್ ಶುರುವಾದದ್ದು 1759ರಲ್ಲಿ. ಉಳಿದ ಮೂರು ಇಸವಿಗಳು ಮತ್ತೆ ಮತ್ತೆ ಕಟ್ಟಿದ ಕಟ್ಟಡಗಳದ್ದು.

ಮತ್ತೆ ಯಾಕೆ ಕಟ್ಟಬೇಕಾಯಿತು? ಇದಕ್ಕೆ 1784 ನೆನಪಿಡಿ. ಇಂಗ್ಲಿಷರಿಗೆ ನೆರವಾದರು ಎಂಬ ಆರೋಪದ ಮೇಲೆ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಇಗರ್ಜಿಗಳನ್ನು ಕೆಡವಿಸಿದ. ಸೆರೆ ಮುಗಿದದ್ದು ಅವನು ಸತ್ತ ಮೇಲೆ, 1799ರಲ್ಲಿ. 15 ವರ್ಷ! ಸೆರೆಗೆ ಹೋದಾಗ ಐದು ವರ್ಷದ ಮಗು, ಬದುಕಿ ವಾಪಸ್ ಬಂದಿದ್ದರೆ ಇಪ್ಪತ್ತರ ಆಳು. ಹಾಗೆ ಬಂದವರು ಎರಡೇ ವರ್ಷದಲ್ಲಿ, 1801ಕ್ಕೆ, ಮತ್ತೆ ಇಗರ್ಜಿ ಎಬ್ಬಿಸಿದರು. ಈ ಲೆಕ್ಕ ಹಾಕಿದ ಮೇಲೆ 1801 ನನಗೆ ಮರೆತೇ ಇಲ್ಲ.

ನನ್ನ ಸುಲಭದ ದಾರಿ ಇದು: ಕರಾವಳಿಯ ಯಾವುದೇ ಹಳೇ ಇಗರ್ಜಿಗೆ 1784ಕ್ಕಿಂತ ಹಿಂದಿನ ಇಸವಿ ಕಂಡರೆ, ಅದು ಫಿರ್ಗಜ್‌ನದ್ದು ಅಂತ ಮೊದಲು ಊಹಿಸಿ. ಕಣ್ಣೆದುರಿನ ಗೋಡೆಯ ವಯಸ್ಸು ಬೇರೆಯೇ ಇರುತ್ತದೆ. ಮೂಡುಬಿದಿರೆ ಹತ್ತಿರದ ಹೊಸಬೆಟ್ಟು ಇಗರ್ಜಿಗೆ ಇದನ್ನು ಹಚ್ಚಬೇಡಿ. ಅಲ್ಲಿನ ಚೌಟ ಅರಸರು ನಡುವೆ ಬಂದದ್ದರಿಂದ ಅದು ಉಳಿಯಿತು ಎನ್ನುತ್ತಾರೆ.

ಇಗರ್ಜಿಗೆ ಈ ಜಾಗ ಸಿಕ್ಕ ಕಥೆ ಇತಿಹಾಸವಲ್ಲ, ಐತಿಹ್ಯ. ಬೇರೆ ಮಾಡಿ ಬರೆದುಕೊಳ್ಳಿ. ಸಂತರ ಮರದ ಮೂರ್ತಿ ಹೊತ್ತು ಜಾಗ ಹುಡುಕುತ್ತಾ ಬಂದವರು ಪರ್ಪಲೆ ಗುಡ್ಡದ ಬುಡದಲ್ಲಿ ಒರತೆ ಕಂಡು, ಮೂರ್ತಿ ಕೆಳಗಿಟ್ಟು ನೀರು ಕುಡಿದರಂತೆ. ಆಮೇಲೆ ಎತ್ತಲು ಹೋದರೆ ಮೂರ್ತಿ ಅಲುಗಲೇ ಇಲ್ಲ, ಹಾಗಾಗಿ ಅಲ್ಲೇ ಇಗರ್ಜಿ ಕಟ್ಟಿದರಂತೆ. ಆ ಒರತೆಯ ಕೆರೆಯ ನೀರನ್ನು ಜನ ಈಗಲೂ ತಲೆಗೆ ಚಿಮುಕಿಸಿಕೊಂಡು, ಬಾಟಲಿಯಲ್ಲಿ ತುಂಬಿ ಮನೆಗೂ ಒಯ್ಯುತ್ತಾರೆ. ಹರಕೆ ಹೊತ್ತು ಬರುವವರಲ್ಲಿ ಎಲ್ಲ ಜಾತಿ ಧರ್ಮದವರೂ ಇದ್ದಾರೆ.

ಇನ್ನೊಂದು ಗೊಂದಲ, ಬಸಿಲಿಕ ಮತ್ತು ಕೆಥೆಡ್ರಲ್ ಒಂದೇ ಅಂದುಕೊಳ್ಳುವುದು. ಅತ್ತೂರು 2016ರಲ್ಲಿ ಬಸಿಲಿಕ ಆಯಿತು. ಅದು ಪೋಪರು ಕೊಡುವ ಗೌರವ. ಕೆಥೆಡ್ರಲ್ ಎಂದರೆ ಬಿಷಪರ ಪೀಠವಿರುವ ಇಗರ್ಜಿ. 2012ರಲ್ಲಿ ಮಂಗಳೂರಿನಿಂದ ಬೇರೆಯಾದ ಉಡುಪಿ ಧರ್ಮಪ್ರಾಂತ್ಯಕ್ಕೆ (ಒಬ್ಬ ಬಿಷಪರ ಆಡಳಿತದ ಪ್ರದೇಶಕ್ಕೆ) ಅದು ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ. ಬಸಿಲಿಕ ಆದ ಮೇಲೂ ಅತ್ತೂರು ಒಂದು ಫಿರ್ಗಜ್ ಆಗಿಯೇ ಇದೆ.