ಯಾವುದು ಓಡಿದ್ದು?

ನನ್ನ ಓದಿನ ತರಗತಿಗೆ ಬರುವ ಎಂಟು ವರ್ಷದ ಹುಡುಗನೊಬ್ಬ ಒಂದೂ ತಪ್ಪಿಲ್ಲದೆ ಗಟ್ಟಿಯಾಗಿ ಓದುತ್ತಿದ್ದ. ಏನು ಓದಿದೆ ಅಂತ ಕೇಳಿದರೆ ಪಿಳಿಪಿಳಿ ಕಣ್ಣು ಬಿಡುತ್ತಿದ್ದ. ಅಕ್ಷರ ಬಿಡಿಸಿ ಓದುವುದೇ ಬೇರೆ, ಅರ್ಥ ಹಿಡಿಯುವುದೇ ಬೇರೆ, ಅಲ್ವಾ? ಇನ್ನಷ್ಟು ಓದಿಸಿ ಎಂದರು ಎಲ್ಲರೂ. ನಾನು ಕಥೆ ಬರೆಸಿದೆ.

ನರಿ, ಮೊಸಳೆಯ ಕಥೆ. ಅದರಲ್ಲಿ ಎರಡು ಸಾಲು ಹೀಗಿದ್ದವು: "ಅದು ಅದನ್ನು ನೋಡಿತು. ಅದು ಓಡಿಹೋಯಿತು." ನಾನು ತಿದ್ದಲಿಲ್ಲ. ಪಕ್ಕದ ಹುಡುಗಿಗೆ ಓದಲು ಕೊಟ್ಟೆ.

"ಯಾವುದು ಓಡಿದ್ದು?" ಎಂದಳು.

"ನರಿ ಕಣೇ, ಅಷ್ಟೂ ಗೊತ್ತಾಗಲ್ವಾ?"

"ನೀನು ಬರೆದೇ ಇಲ್ವಲ್ಲ!"

ಹಾಳೆ ಕಿತ್ತುಕೊಂಡು ನೋಡಿದ. ನಿಜ, ನರಿ ಅವನ ತಲೆಯಲ್ಲಿತ್ತು, ಹಾಳೆಯಲ್ಲಿ ಇರಲಿಲ್ಲ. ಹೆಸರು ಸೇರಿಸಿದ. ಮುಂದಿನ ವಾರ ಪಾಠ ಓದುವಾಗ 'ಅವಳು' ಬಂದ ಕಡೆ ನಿಂತ. ಬೆರಳು ಎರಡು ಸಾಲು ಹಿಂದಕ್ಕೆ ಹೋಯಿತು. "ಅವಳು ಅಂದ್ರೆ ಅಕ್ಕನಾ, ಅಮ್ಮನಾ?" ಅಷ್ಟು ದಿನ ಆ ಪದವನ್ನು ಸುಮ್ನೆ ದಾಟಿಹೋಗುತ್ತಿದ್ದ.

ಬರೆದವರು ಹೇಳದೆ ಬಿಟ್ಟಿದ್ದನ್ನು ಓದುವವರು ತುಂಬಿಕೊಳ್ಳಬೇಕು. ತಾನೇ ಒಮ್ಮೆ ಹಾಗೆ ಬಿಟ್ಟು ಸಿಕ್ಕಿಬಿದ್ದ ಮಗುವಿಗೆ ಇದು ಬೇಗ ಹೊಳೆಯುತ್ತದೆ. ಶಿಕ್ಷಣ ಸಂಶೋಧಕರಾದ ಸ್ಟೀವ್ ಗ್ರಹಾಂ ಮತ್ತು ಮೈಕಲ್ ಹೆಬರ್ಟ್ 2010ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗಲೂ, ಮಕ್ಕಳು ಜಾಸ್ತಿ ಬರೆದರೆ ಓದಿದ್ದು ಹೆಚ್ಚು ಅರ್ಥವಾಗುವುದು ಕಂಡಿತ್ತು. ಅದು ಕಥೆಯೊಂದರ ಮಾತಲ್ಲ, ಸಾರಾಂಶ, ಟಿಪ್ಪಣಿಯೂ ಅದರಲ್ಲಿ ಸೇರಿವೆ. ನನಗೆ ಕಥೆಯೇ ಇಷ್ಟ. ಸಾರಾಂಶಕ್ಕಾಗಿ ಯಾವ ಮಗುವೂ ಜಗಳ ಆಡಿದ್ದು ನೋಡಿಲ್ಲ.

ಇನ್ನೂ ಬರೆಯಲು ಬಾರದ ಮಗು ಹೇಳಲಿ, ನೀವು ಬರೆದುಕೊಳ್ಳಿ. "ಆನೆ ಬಿದ್ಬಿಡ್ತು" ಎಂದರೆ ಹಾಗೇ ಬರೆಯಿರಿ. ತನ್ನದೇ ಮಾತಾದ್ದರಿಂದ ಮುಂದಿನ ಪದ ಯಾವುದೆಂದು ಅದಕ್ಕೆ ಗೊತ್ತು, ಆ ಧೈರ್ಯದಲ್ಲಿ ಬೆರಳಿಟ್ಟು ಓದುತ್ತದೆ. ಬಾಯಿಪಾಠ ಒಪ್ಪಿಸುತ್ತಿದೆ ಅನಿಸಿದರೆ ಸಾಲುಗಳನ್ನು ಕತ್ತರಿಸಿ, ಕಲಸಿ ಕೊಡಿ. ಜೋಡಿಸಲು ನಿಜವಾಗಿ ಓದಲೇಬೇಕು.

ಒತ್ತಕ್ಷರ ತಪ್ಪುತ್ತದೆ. ಮೊದಲ ಸಲಕ್ಕೇ ಕೆಂಪು ಪೆನ್ನು ಹಿಡಿದರೆ ಮಗು ಬರೆಯಲು ಬರುವ ಪದಗಳನ್ನಷ್ಟೇ ಬಳಸತೊಡಗುತ್ತದೆ, ಕಥೆ ಸೊರಗುತ್ತದೆ. ಗೆಳೆಯರಿಗೆ ಕೊಡುವ ಮುನ್ನ ಕೂತು ತಿದ್ದಿದರೆ ಸಾಕು.

ಆ ಹುಡುಗ ಈಗ ಪುಸ್ತಕಗಳಲ್ಲೂ ತಪ್ಪು ಹುಡುಕುತ್ತಾನೆ. ಮೊನ್ನೆ ಒಂದು ಕಥೆ ಮುಗಿಸಿ, "ನಾಯಿ ಏನಾಯ್ತು ಅಂತ ಬರೆಯೋದು ಮರೆತಿದ್ದಾರೆ" ಎಂದ. ಪುಟ ತಿರುವಿ ನೋಡಿದೆ. ಹೌದು, ನಾಲ್ಕನೇ ಪುಟದ ನಂತರ ನಾಯಿ ಎಲ್ಲೂ ಇಲ್ಲ.