ಹಿಟಾಚಿಯೊಳಗಿನ ಡಬ್ಬಿಗೆ ಇಳಿಜಾರು ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ಮೂಡಿಗೆರೆ ಹತ್ತಿರದ ನಮ್ಮ ಕಾಫಿ ತೋಟಕ್ಕೆ ರಸ್ತೆ ಮಾಡಲು ಹಿಟಾಚಿ ಬಂದಿತ್ತು. ಅದು ಎಷ್ಟು ಡಿಗ್ರಿ ವಾಲಿದೆ ಎಂದು ಕ್ಯಾಬಿನ್ನಿನ ಪರದೆ ತೋರಿಸುತ್ತಿತ್ತು. ರಸಮಟ್ಟದ ಗುಳ್ಳೆಯಿಲ್ಲ, ದಾರಕ್ಕೆ ಕಟ್ಟಿದ ಗುಂಡೂ ಇಲ್ಲ. ಮತ್ತೆ ಹೇಗೆ ಗೊತ್ತಾಗುತ್ತದೆ?

ಉತ್ತರ: ಗುಂಡು ಇದೆ! ಆದರೆ ಅದು ಸೆನ್ಸರ್ ಡಬ್ಬಿಯ ಚಿಪ್‌ನೊಳಗೆ ಅಡಗಿರುವ ಸಿಲಿಕಾನ್ ತುಣುಕು. ಸಿಲಿಕಾನ್‌ನದೇ ತೆಳು ಸ್ಪ್ರಿಂಗ್‌ಗಳು ಅದನ್ನು ಹಿಡಿದಿರುತ್ತವೆ. ಅದರ ಅಂಚಿನ ಹಲ್ಲುಗಳು ಪಕ್ಕದ ಅಲುಗಾಡದ ಹಲ್ಲುಗಳ ನಡುವೆ, ಎರಡು ಬಾಚಣಿಗೆ ಸೇರಿಸಿದ ಹಾಗೆ ಕೂತಿರುತ್ತವೆ. ನಡುವಿನ ಸಂದು ಒಂದೆರಡು ಮೈಕ್ರಾನ್ ಅಷ್ಟೇ. ನಮ್ಮ ಕೂದಲೇ ಸುಮಾರು 70 ಮೈಕ್ರಾನ್ ದಪ್ಪ.

ಯಂತ್ರ ವಾಲಿದಾಗ ಭೂಮಿಯ ಸೆಳೆತಕ್ಕೆ ಆ ತುಣುಕು ಚೂರು ಜರುಗುತ್ತದೆ. ಒಂದು ಕಡೆ ಸಂದು ಕಿರಿದಾಗಿ, ಇನ್ನೊಂದು ಕಡೆ ಅಗಲವಾಗುತ್ತದೆ. ಹಲ್ಲುಗಳ ನಡುವಿನ ಕೆಪಾಸಿಟೆನ್ಸ್, ಅಂದರೆ ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ, ಒಂದು ಕಡೆ ಹೆಚ್ಚಿ, ಮತ್ತೊಂದು ಕಡೆ ತಗ್ಗುತ್ತದೆ. ಈ ವ್ಯತ್ಯಾಸದಿಂದ ಕೋನದ ಲೆಕ್ಕ ಸಿಗುತ್ತದೆ.

ಸಮತಟ್ಟಿನಿಂದ 1 ಡಿಗ್ರಿ ವಾಲಿದರೆ ತುಣುಕಿನ ಮೇಲಿನ ಎಳೆತ ಗುರುತ್ವದ 1.7% ಬದಲಾಗುತ್ತದೆ. 89ರಿಂದ 90 ಡಿಗ್ರಿಗೆ ಹೋದರೆ ಬರೀ 0.015%. ಅದಕ್ಕೇ ಕೋನ ಜಾಸ್ತಿ ಇರುವಲ್ಲಿ ಒಂದಕ್ಕೊಂದು ಅಡ್ಡವಾಗಿ ಎರಡು ಅಥವಾ ಮೂರು ಸೆನ್ಸರ್ ಇಡುತ್ತಾರೆ.

ಡ್ರೈವರ್‌ಗಳಿಗೆ ನಾನು ಒತ್ತಿ ಹೇಳುವುದು ಒಂದೇ: ಯಂತ್ರ ಚಲಿಸುವಾಗ ಬರುವ ಅಂಕಿಯನ್ನು ಪೂರ್ತಿ ನಂಬಬೇಡಿ. ಬ್ರೇಕ್ ಹೊಡೆತವೂ ಈ ತುಣುಕಿಗೆ ಎಳೆತವೇ ಅಲ್ವಾ? ಗುರುತ್ವದ ಹತ್ತನೇ ಒಂದರಷ್ಟು ಬ್ರೇಕ್ ಬಿದ್ದರೂ ಸಮತಟ್ಟಾದ ನೆಲದಲ್ಲಿ 6 ಡಿಗ್ರಿ ಹತ್ತಿರ ವಾಲಿದಂತೆ ತೋರಬಹುದು. ಎಂಜಿನ್ ನಡುಕ ಅಡಗಿಸಲು ಸಾಧನ ಸರಾಸರಿ ತೆಗೆಯುತ್ತದೆ, ಹಾಗಾಗಿ ಅಂಕಿ ಸ್ವಲ್ಪ ತಡವಾಗಿಯೂ ಬರುತ್ತದೆ. ಕೆಲವು ಸಾಧನಗಳಲ್ಲಿ ಜೊತೆಗೆ ತಿರುಗುವ ವೇಗ ಅಳೆಯುವ ಗೈರೋಸ್ಕೋಪ್ ಇದ್ದು, ಈ ತಪ್ಪು ಕಡಿಮೆಯಾಗುತ್ತದೆ. ಮಳೆಗೆ ನೆನೆದ ಮಣ್ಣು ಜಾರುತ್ತದೆಯೇ ಎನ್ನುವುದು ಮಾತ್ರ ಯಾವ ಸೆನ್ಸರ್‌ಗೂ ಗೊತ್ತಿಲ್ಲ.

ಸೊನ್ನೆ ಸರಿಯಿದೆಯೇ ಎಂದು ನೀವೇ ನೋಡಬಹುದು. ಸೆನ್ಸರ್ ಕ್ಯಾಬಿನ್ ಇರುವ ಮೇಲ್ಭಾಗದಲ್ಲಿದ್ದರೆ, ಗಟ್ಟಿ ನೆಲದಲ್ಲಿ ನಿಲ್ಲಿಸಿ ಮುಂದು-ಹಿಂದಿನ ವಾಲಿಕೆಯ ಅಂಕಿ ಬರೆದುಕೊಳ್ಳಿ. ಮೇಲ್ಭಾಗವನ್ನು ಅರ್ಧ ಸುತ್ತು ತಿರುಗಿಸಿ, ಅಲುಗಾಟ ನಿಂತ ಮೇಲೆ ಮತ್ತೆ ನೋಡಿ. ಅಂಕಿ ಅದೇ ಇದ್ದು ಪ್ಲಸ್-ಮೈನಸ್ ಮಾತ್ರ ಬದಲಾಗಬೇಕು. ಮೊದಲು ಪ್ಲಸ್ 3, ಆಮೇಲೆ ಮೈನಸ್ 1 ಬಂದರೆ ನಿಜವಾದ ವಾಲಿಕೆ 2 ಡಿಗ್ರಿ, ಸೊನ್ನೆಯ ತಪ್ಪು 1 ಡಿಗ್ರಿ.